ದಿನನಿತ್ಯದ ಬದುಕಿನಲ್ಲಿ ಬೌದ್ಧ ಸಂಕಲ್ಪವಾಕ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕಲ್ಪವಾಕ್ಯಗಳನ್ನು ಬುದ್ಧನೇ ಹೇಳಿಕೊಟ್ಟನೇ?

ಇಂದು ಅಫರ್ಮೇಶನ್ ಎಂಬ ಹೆಸರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ವಾಕ್ಯಗಳನ್ನು ಬುದ್ಧ ಹೇಳಿಕೊಟ್ಟಿಲ್ಲ. ಆ ಪದ್ಧತಿಯ ಹತ್ತಿರದ ಮೂಲ ಯುರೋಪು ಮತ್ತು ಅಮೆರಿಕಗಳಲ್ಲಿದೆ. ಫ್ರಾನ್ಸಿನ ಔಷಧ ತಯಾರಕ ಎಮಿಲ್ ಕುಎ (1857–1926) ತನ್ನ ಬಳಿಗೆ ಬಂದವರಿಗೆ, ದಿನದಿನಕ್ಕೂ ನಾನು ಎಲ್ಲ ರೀತಿಯಲ್ಲೂ ಸುಧಾರಿಸುತ್ತಿದ್ದೇನೆ ಎಂಬರ್ಥದ ವಾಕ್ಯವೊಂದನ್ನು ಗಂಟು ಹಾಕಿದ ದಾರ ಹಿಡಿದು ಇಪ್ಪತ್ತು ಸಲ ಹೇಳಿಕೊಳ್ಳಲು ಸೂಚಿಸುತ್ತಿದ್ದ. 'ನೀವು ಏನನ್ನು ಯೋಚಿಸುತ್ತೀರೋ ಅದೇ ಆಗುತ್ತೀರಿ' ಎಂದು ಬುದ್ಧನ ಚಿತ್ರದ ಕೆಳಗೆ ಅಚ್ಚಾಗಿ ಬರುವ ಮಾತೂ ಪಾಲಿ ಭಾಷೆಯ ಹಳೆಯ ಬೌದ್ಧ ಗ್ರಂಥಗಳಲ್ಲಿ ಆ ರೂಪದಲ್ಲಿ ಸಿಗುವುದಿಲ್ಲ. ಆದರೆ ಮನಸ್ಸು ಯಾವುದನ್ನು ಮತ್ತೆ ಮತ್ತೆ ಚಿಂತಿಸುತ್ತದೆಯೋ ಅದರ ಕಡೆಗೇ ವಾಲುತ್ತದೆ ಎಂಬ ಮಾತು ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ ಹತ್ತೊಂಬತ್ತನೆಯ ಸುತ್ತದಲ್ಲಿ, ಅಂದರೆ ಉಪದೇಶದಲ್ಲಿ, ಸ್ಪಷ್ಟವಾಗಿ ಇದೆ. ಮನಸ್ಸನ್ನು ಒಳ್ಳೆಯ ಕಡೆಗೆ ವಾಲಿಸಲು ಆಯ್ದ ಮಾತುಗಳನ್ನು ಪುನಃ ಪುನಃ ನೆನೆಯುವ ಪರಿಪಾಠವೂ ಬೌದ್ಧರಲ್ಲಿ ಬಹಳ ಹಳೆಯದು. ಆದ್ದರಿಂದ ಇಲ್ಲಿ ಬೌದ್ಧ ಸಂಕಲ್ಪವಾಕ್ಯ ಎಂದಾಗ ಆ ಹಳೆಯ ಪರಿಪಾಠದಿಂದ ಪಡೆದು ಇಂದಿನ ಬದುಕಿಗೆ ಹೊಂದಿಸಿಕೊಂಡ ಮಾತುಗಳು ಎಂದು ತಿಳಿಯಬೇಕು.

ಹಾಗಾದರೆ ಉಳಿದ ಅಫರ್ಮೇಶನ್‌ಗಳಿಗೂ ಇವಕ್ಕೂ ಏನು ವ್ಯತ್ಯಾಸ?

ವ್ಯತ್ಯಾಸವಿರುವುದು ಮುಖ್ಯವಾಗಿ ಕ್ರಿಯಾಪದದಲ್ಲಿ. ಪೇಟೆಯ ಅಫರ್ಮೇಶನ್‌ಗಳು ಸಾಮಾನ್ಯವಾಗಿ 'ನಾನು ಯಶಸ್ವಿ', 'ನಾನು ಶ್ರೀಮಂತ', 'ನನ್ನನ್ನು ತಡೆಯುವವರಿಲ್ಲ' ಎಂದು ಇನ್ನೂ ಆಗದಿರುವುದನ್ನು ಆಗಿದೆ ಎಂದು ಘೋಷಿಸುತ್ತವೆ. ಬೌದ್ಧ ಪರಂಪರೆಯ ಮಾತುಗಳು ಬೇರೆ ನಾಲ್ಕು ಬಗೆಯಲ್ಲಿ ಬರುತ್ತವೆ. ಮೊದಲನೆಯದು ಹಾರೈಕೆ: 'ಸಬ್ಬೇ ಸತ್ತಾ ಭವನ್ತು ಸುಖಿತತ್ತಾ', ಎಲ್ಲ ಜೀವಿಗಳೂ ಸುಖವಾಗಿರಲಿ. ಎರಡನೆಯದು ಕೈಗೊಳ್ಳುವಿಕೆ: ಪಂಚಶೀಲದ ಐದೂ ವಾಕ್ಯಗಳು 'ಸಮಾದಿಯಾಮಿ' ಎಂದು, ಅಂದರೆ ಈ ನಿಯಮವನ್ನು ಸ್ವೀಕರಿಸುತ್ತೇನೆ ಎಂದು ಮುಗಿಯುತ್ತವೆಯೇ ಹೊರತು ನಾನು ಹಿಂಸೆಯನ್ನೇ ಅರಿಯದವನು ಎಂದು ಹೇಳುವುದಿಲ್ಲ. ಮೂರನೆಯದು, ಇರುವ ಸತ್ಯವನ್ನು ನೆನೆಯುವುದು: ಮುಪ್ಪು ನನ್ನ ಸ್ವಭಾವ, ಅದನ್ನು ನಾನು ದಾಟಿಲ್ಲ. ನಾಲ್ಕನೆಯದು ಅಭ್ಯಾಸದ ಮಾತು: ಹೀಗೆ ಮಾಡಲು ಕಲಿಯುತ್ತೇನೆ.

ಈ ನಾಲ್ಕರಲ್ಲಿ ಯಾವುದನ್ನು ಹೇಳಿಕೊಂಡರೂ ಸುಳ್ಳು ಹೇಳಿದಂತಾಗುವುದಿಲ್ಲ. ಕೋಪದಿಂದ ಕುದಿಯುತ್ತಿರುವಾಗ 'ನಾನು ಶಾಂತ' ಎಂದರೆ ಮನಸ್ಸೇ ನಮ್ಮನ್ನು ನೋಡಿ ನಗುತ್ತದೆ. 'ನಾನು ಶಾಂತನಾಗಲಿ' ಎಂಬ ಮಾತಿಗೆ ಅದು ತಕರಾರು ತೆಗೆಯುವುದಿಲ್ಲ. ಕನ್ನಡಿಗರಿಗೆ ಈ 'ಅಲಿ' ಪ್ರತ್ಯಯ ಹೊಸದೇನೂ ಅಲ್ಲ. 'ಒಳ್ಳೆಯದಾಗಲಿ', 'ಹೊಟ್ಟೆ ತಣ್ಣಗಿರಲಿ' ಎಂದು ಹಿರಿಯರು ದಿನವೂ ಹರಸುವುದು ಇದೇ ವ್ಯಾಕರಣದಲ್ಲಿ.

ಈಗಷ್ಟೇ ಆರಂಭಿಸುವವರು ಯಾವ ವಾಕ್ಯಗಳನ್ನು ಆರಿಸಿಕೊಳ್ಳಬೇಕು?

ಮೈತ್ರಿಯ ವಾಕ್ಯಗಳಿಂದ ಆರಂಭಿಸುವುದು ಸುಲಭ. ಮೈತ್ರಿ, ಕರುಣೆ, ಮುದಿತೆ (ಪರರ ಒಳಿತಿಗೆ ಹಿಗ್ಗುವುದು), ಉಪೇಕ್ಷೆ (ಸಮಚಿತ್ತ) ಎಂಬ ನಾಲ್ಕನ್ನು ಬ್ರಹ್ಮವಿಹಾರಗಳೆಂದು ಕರೆಯುತ್ತಾರೆ. ಒಂದೊಂದಕ್ಕೂ ಒಂದು ಸರಳ ಕನ್ನಡ ವಾಕ್ಯ ಸಾಕು: 'ಸುಖವಾಗಿರಲಿ', 'ಈ ನೋವಿನಿಂದ ಬಿಡುಗಡೆಯಾಗಲಿ', 'ಇವರಿಗೆ ಒದಗಿದ ಒಳ್ಳೆಯದು ಹೀಗೆಯೇ ಉಳಿಯಲಿ', 'ಇವರ ಕರ್ಮಕ್ಕೆ ಇವರೇ ವಾರಸುದಾರರು'. ನೆರೆಮನೆಯವರು ಹೊಸ ಕಾರು ತಂದ ದಿನ ಮೂರನೆಯ ವಾಕ್ಯವನ್ನು ಪ್ರಯೋಗಿಸಿ ನೋಡಿದವರಿಗೆ, ಮುದಿತೆಯನ್ನು ಏಕೆ ಕಷ್ಟದ ಸಾಧನೆ ಎನ್ನುತ್ತಾರೆಂದು ಬೇರೆ ವಿವರಣೆ ಬೇಕಾಗುವುದಿಲ್ಲ. ನಾಲ್ಕನ್ನೂ ಒಂದೇ ದಿನ ಹಿಡಿಯುವ ಅಗತ್ಯವಿಲ್ಲ. ಒಂದು ವಾಕ್ಯವನ್ನು ಕೆಲವು ವಾರ ಇಟ್ಟುಕೊಳ್ಳುವುದು ಉತ್ತಮ.

ಮೊದಲು ನನಗೇ ಹಾರೈಸಿಕೊಳ್ಳುವುದು ಸ್ವಾರ್ಥವಲ್ಲವೇ?

ಐದನೆಯ ಶತಮಾನದಲ್ಲಿ ಸಿಂಹಳದಲ್ಲಿ (ಇಂದಿನ ಶ್ರೀಲಂಕಾ) ಬುದ್ಧಘೋಷ ರಚಿಸಿದ ವಿಸುದ್ಧಿಮಗ್ಗ ಎಂಬ ಸಾಧನೆಯ ಗ್ರಂಥ ಈ ಪ್ರಶ್ನೆಯನ್ನು ತಾನೇ ಎತ್ತಿ ಉತ್ತರಿಸುತ್ತದೆ. ನಾನು ಸುಖವನ್ನು ಬಯಸುತ್ತೇನೆ, ದುಃಖಕ್ಕೆ ಅಂಜುತ್ತೇನೆ. ಉಳಿದ ಜೀವಿಗಳೂ ಹಾಗೆಯೇ. ಈ ಅರಿವಿಗೆ ಸ್ವಂತ ಮನಸ್ಸೇ ಸಾಕ್ಷಿಯಾಗಲೆಂದು ತನ್ನಿಂದ ಆರಂಭಿಸಬೇಕೆಂಬುದು ಅದರ ವಾದ. ಇದಕ್ಕೆ ಆಧಾರವಾಗಿ ಕೋಸಲದ ರಾಜ ಪಸೇನದಿ ಮತ್ತು ರಾಣಿ ಮಲ್ಲಿಕೆಯರ ಪ್ರಸಂಗವಿದೆ. ನಿನಗೆ ನಿನಗಿಂತ ಪ್ರಿಯರಾದವರು ಯಾರಾದರೂ ಇದ್ದಾರೆಯೇ ಎಂದು ರಾಜ ಕೇಳುತ್ತಾನೆ. ನೀವೇ ಎಂಬ ಉತ್ತರವನ್ನು ಅವನು ನಿರೀಕ್ಷಿಸಿದ್ದಿರಬಹುದು. ಮಲ್ಲಿಕೆ ಮಾತ್ರ ಇಲ್ಲ ಎಂದು ನೇರವಾಗಿ ಹೇಳಿ, ಅದೇ ಪ್ರಶ್ನೆಯನ್ನು ಹಿಂದಿರುಗಿಸುತ್ತಾಳೆ; ರಾಜನೂ ಇಲ್ಲ ಎಂದೇ ಒಪ್ಪಿಕೊಳ್ಳಬೇಕಾಗುತ್ತದೆ. ವಿಷಯ ಬುದ್ಧನವರೆಗೆ ಹೋದಾಗ ಅವನು ಗದರಲಿಲ್ಲ. ಪ್ರತಿಯೊಬ್ಬರಿಗೂ ತಾನೇ ಪ್ರಿಯ, ಆದಕಾರಣ ತನ್ನನ್ನು ಪ್ರೀತಿಸುವವನು ಇತರರನ್ನು ಹಿಂಸಿಸಬಾರದು ಎಂದ. ಮನೆಯವರೆಲ್ಲರ ಊಟವಾದ ಮೇಲೆ ತಳ ಹತ್ತಿದ್ದನ್ನು ತಾನು ಬಡಿಸಿಕೊಳ್ಳುವುದನ್ನೇ ಧರ್ಮವೆಂದು ಕಲಿತಿರುವ ನಮ್ಮ ಎಷ್ಟೋ ಹೆಂಗಸರಿಗೆ 'ನಾನೂ ಸುಖವಾಗಿರಲಿ' ಎಂಬ ಮೊದಲ ವಾಕ್ಯವೇ ಗಂಟಲಲ್ಲಿ ನಿಲ್ಲುತ್ತದೆ. ಅಂಥವರು ಆ ವಾಕ್ಯದಲ್ಲಿಯೇ ಹೆಚ್ಚು ದಿನ ತಂಗಬೇಕು.

ನನಗೆ ಅನ್ಯಾಯ ಮಾಡಿದವರಿಗೂ 'ಸುಖವಾಗಿರಲಿ' ಎನ್ನಬೇಕೇ?

ಎನ್ನಬೇಕು, ಆದರೆ ಮೊದಲ ವಾರವೇ ಅಲ್ಲ. ವಿಸುದ್ಧಿಮಗ್ಗ ಹೇಳುವ ಕ್ರಮ ಹೀಗಿದೆ: ಮೊದಲು ತಾನು, ಬಳಿಕ ಗೌರವಕ್ಕೆ ಪಾತ್ರರಾದವರು ಮತ್ತು ಪ್ರಿಯರು, ಆಮೇಲೆ ಪ್ರೀತಿಯೂ ದ್ವೇಷವೂ ಇಲ್ಲದ ಮಧ್ಯಸ್ಥರು, ಕೊನೆಗೆ ವೈರಿ. ದಿನವೂ ಕಾಣುವ ಹಾಲಿನವರು, ಬಸ್ಸಿನ ಕಂಡಕ್ಟರ್, ಹೆಸರು ಗೊತ್ತಿಲ್ಲದ ಕಾವಲುಗಾರ, ಇವರೆಲ್ಲ ಮಧ್ಯಸ್ಥರು. ಈ ಮೂರನೆಯ ಮೆಟ್ಟಿಲನ್ನು ಹಾರಿ ನೇರವಾಗಿ ವೈರಿಯ ಬಳಿಗೆ ಹೋದವರು ಸೋತು ಹಿಂದಿರುಗುವುದೇ ಹೆಚ್ಚು.

ವೈರಿಯನ್ನು ನೆನೆದಾಗ ಕೋಪ ಉಕ್ಕಿದರೆ ಏನು ಮಾಡಬೇಕೆಂಬುದಕ್ಕೆ ಅದೇ ಗ್ರಂಥ ಉಪಾಯಗಳ ಸಾಲನ್ನೇ ಕೊಡುತ್ತದೆ. ಮತ್ತೆ ಪ್ರಿಯರ ಬಳಿಗೆ ಹೋಗಿ ಮನಸ್ಸನ್ನು ಮೆತ್ತಗೆ ಮಾಡಿಕೊಂಡು ಬರಬಹುದು. ಆ ವ್ಯಕ್ತಿಯ ನಡತೆಯಲ್ಲಿ ಒಳ್ಳೆಯದೊಂದನ್ನು ಹುಡುಕಬಹುದು. ಅದೂ ಆಗದಿದ್ದರೆ, ನಾನು ಕೋಪಿಸಿಕೊಂಡಿರುವುದು ಇವನ ತಲೆಗೂದಲ ಮೇಲೋ, ಉಗುರಿನ ಮೇಲೋ, ಹಲ್ಲಿನ ಮೇಲೋ ಎಂದು ಆ ಮನುಷ್ಯನನ್ನು ಬಿಡಿಬಿಡಿಯಾಗಿ ನೋಡಬೇಕು. ಕೋಪ ಕುಳಿತುಕೊಳ್ಳಲು ಜಾಗವೇ ಸಿಗದೆ ಜಾರುತ್ತದೆಂಬುದು ಅದರ ತರ್ಕ. ಇದೂ ಸಾಧ್ಯವಾಗದಿದ್ದರೆ ಕೊನೆಯ ಉಪಾಯವೆಂದು ಹೇಳಿರುವುದು ಬಹಳ ವ್ಯಾವಹಾರಿಕವಾದದ್ದು: ಅವನಿಗೆ ಏನಾದರೂ ಕೊಡು, ಅವನಿಂದ ಏನಾದರೂ ಪಡೆ. ಆಸ್ತಿ ಪಾಲಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗಳ ನಡುವೆ ಸಂಕ್ರಾಂತಿಯ ಎಳ್ಳುಬೆಲ್ಲದ ಪೊಟ್ಟಣ ಓಡಾಡಿದ್ದನ್ನು ನೋಡಿದವರಿಗೆ ಈ ಸಲಹೆ ಎಷ್ಟು ಆಳವಾದದ್ದೆಂದು ಗೊತ್ತಿರುತ್ತದೆ. 'ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡು' ಎಂಬುದನ್ನೂ ಒಂದು ಸಂಕಲ್ಪವಾಕ್ಯವೆಂದೇ ನಾನು ಎಣಿಸುತ್ತೇನೆ.

ಹಾರೈಸಿದ ಮಾತ್ರಕ್ಕೆ ಅವರು ಮಾಡಿದ್ದು ಸರಿ ಎಂದಾಗುವುದಿಲ್ಲ, ನ್ಯಾಯಾಲಯದಲ್ಲಿರುವ ದಾವೆಯನ್ನು ಹಿಂದಕ್ಕೆ ಪಡೆಯಬೇಕಾಗಿಯೂ ಇಲ್ಲ.

ಮಕ್ಕಳ ಮೇಲಿನ ಪ್ರೀತಿಯೂ ಮೈತ್ರಿಯೇ ಅಲ್ಲವೇ?

ಹೌದು, ಮೈತ್ರಿಯನ್ನು ಬೋಧಿಸುವ ಕರಣೀಯ ಮೆತ್ತ ಸುತ್ತವು ತಾಯಿಯು ತನ್ನ ಒಬ್ಬನೇ ಮಗನನ್ನು ಪ್ರಾಣ ಒತ್ತೆಯಿಟ್ಟು ಕಾಪಾಡುವಂತೆ ಎಲ್ಲ ಜೀವಿಗಳ ಬಗ್ಗೆ ಮನಸ್ಸನ್ನು ಬೆಳೆಸಬೇಕೆನ್ನುತ್ತದೆ. ಆದರೆ ಮೈತ್ರಿಗೆ ದೂರದ ಶತ್ರು ದ್ವೇಷವಾದರೆ, ಹತ್ತಿರದ ಶತ್ರು ಅನುರಾಗ ಎಂಬ ಎಚ್ಚರಿಕೆಯೂ ಪರಂಪರೆಯಲ್ಲಿದೆ. 'ಮಗಳು ಸುಖವಾಗಿರಲಿ' ಎಂಬುದು ಮೈತ್ರಿ. 'ಮಗಳಿಗೆ ಮೆಡಿಕಲ್ ಸೀಟೇ ಸಿಗಲಿ' ಎಂಬುದರಲ್ಲಿ ನಮ್ಮ ಆಸೆಯ ಪಾಲು ಎಷ್ಟೆಂದು ಕೇಳಿಕೊಳ್ಳಬೇಕು.

ದಿನದಲ್ಲಿ ಯಾವಾಗ ಹೇಳಿಕೊಳ್ಳಬೇಕು? ಬೇರೆ ಸಮಯ ಮೀಸಲಿಡಬೇಕೇ?

ಮೆತ್ತ ಸುತ್ತವೇ ನಿಂತಿರಲಿ, ನಡೆಯುತ್ತಿರಲಿ, ಕುಳಿತಿರಲಿ, ಮಲಗಿರಲಿ, ನಿದ್ದೆ ಬಾರದಿರುವಷ್ಟು ಹೊತ್ತೂ ಈ ನೆನಪನ್ನು ಇಟ್ಟುಕೊಳ್ಳಬೇಕು ಎನ್ನುವುದರಿಂದ ಪ್ರತ್ಯೇಕ ಕೋಣೆ, ದೀಪ, ಆಸನಗಳು ಅನಿವಾರ್ಯವಲ್ಲ. ದಿನಚರಿಯಲ್ಲಿ ಈಗಾಗಲೇ ಇರುವ ಕೆಲಸಕ್ಕೆ ವಾಕ್ಯವನ್ನು ಗಂಟು ಹಾಕುವುದೇ ಉಳಿಯುವ ದಾರಿ. ಬೆಳಿಗ್ಗೆ ಹಾಲು ಉಕ್ಕುವುದನ್ನು ಕಾಯುತ್ತಾ ನಿಂತ ಎರಡು ನಿಮಿಷ, ರಂಗೋಲಿಯ ಚುಕ್ಕಿ ಇಡುವ ಹೊತ್ತು, ಲಿಫ್ಟಿನ ಬಾಗಿಲು ತೆರೆಯುವವರೆಗಿನ ಕಾಯುವಿಕೆ ಇವೆಲ್ಲ ಸಾಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿ ಕೆಲಸಕ್ಕೆ ಹೋಗುವವರಿಗಂತೂ ಸಮಯವಿಲ್ಲ ಎಂಬ ನೆಪ ಸಲ್ಲುವುದೇ ಇಲ್ಲ. ಅಲ್ಲಿ ಸುತ್ತಲೂ ಹಾರನ್ ಒತ್ತುತ್ತಿರುವ ಅಷ್ಟೂ ಜನ ಮಧ್ಯಸ್ಥರು ಸಾಧನೆಗೆ ಸಿಗುತ್ತಾರೆ.

ಮಾತಿನ ಮೇಲೆ ಹಿಡಿತ ಸಾಧಿಸಲು ಇವು ಸಹಾಯವಾಗುತ್ತವೆಯೇ?

ಹೆಚ್ಚಿನವರಿಗೆ ಮೊದಲು ಫಲ ಕಾಣುವುದು ಇಲ್ಲಿಯೇ. ಒಳ್ಳೆಯ ಮಾತಿಗೆ ಬುದ್ಧನ ಉಪದೇಶಗಳ ಇನ್ನೊಂದು ಸಂಗ್ರಹವಾದ ಅಂಗುತ್ತರ ನಿಕಾಯವು ಐದು ಗುಣಗಳನ್ನು ಹೇಳುತ್ತದೆ: ಸಕಾಲದಲ್ಲಿ ಆಡಿದ್ದು, ನಿಜವಾದದ್ದು, ಮೃದುವಾದದ್ದು, ಪ್ರಯೋಜನವಿರುವುದು, ಮೈತ್ರಿಯ ಮನಸ್ಸಿನಿಂದ ಬಂದದ್ದು. ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಉತ್ತರ ಬರೆದು ಕಳುಹಿಸುವ ಮುನ್ನ 'ಸಕಾಲವೇ? ನಿಜವೇ? ಮೃದುವೇ?' ಎಂದು ಕೇಳಿಕೊಂಡರೆ ಅರ್ಧದಷ್ಟು ಸಂದೇಶಗಳು ಅಳಿಸಿಹೋಗುತ್ತವೆ. ಇದು ನನ್ನ ಸ್ವಂತ ಲೆಕ್ಕ, ಅಳತೆ ಮಾಡಿದ್ದಲ್ಲ.

ಈ ಸಂಬಂಧ ಕನ್ನಡ ನೆಲದಲ್ಲಿ ಒಂದು ಹಳೆಯ ಸಾಕ್ಷಿಯಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನದಲ್ಲಿ ತಂದೆತಾಯಿಯರ ಸೇವೆ, ಪ್ರಾಣಿಗಳ ಬಗ್ಗೆ ದಯೆ ಇವುಗಳ ಜೊತೆಗೆ 'ಸಚಂ ವತವಿಯಂ' ಎಂಬ ಎರಡು ಪದಗಳಿವೆ: ಸತ್ಯವನ್ನು ಹೇಳಬೇಕು. ಅದೇ ಶಾಸನ, ದೊಡ್ಡವರು ಮಾತ್ರವಲ್ಲ, ಅಲ್ಪನಾದವನೂ ಪ್ರಯತ್ನಪಟ್ಟರೆ ಉನ್ನತವಾದದ್ದನ್ನು ಪಡೆಯಬಲ್ಲ ಎಂದೂ ಹೇಳುತ್ತದೆ. ಬೆಳಗಿನ ಸಂಕಲ್ಪಕ್ಕೆ ಎರಡೇ ಪದಗಳು ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಸೂಚಿಸಲಾರೆ.

ಪಾಲಿಯಲ್ಲಿ ಹೇಳಬೇಕೇ, ಕನ್ನಡದಲ್ಲಿ ಸಾಕೇ?

ಕನ್ನಡದಲ್ಲಿ ಸಾಕು. ತನ್ನ ಮಾತುಗಳನ್ನು ಜನರು ತಮ್ಮ ತಮ್ಮ ಭಾಷೆಯಲ್ಲಿ ಕಲಿಯಬಹುದೆಂದು ಬುದ್ಧ ಅನುಮತಿಸಿದ ಪ್ರಸಂಗ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿದೆ; ಆ ವಾಕ್ಯದ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದ್ದರೂ, ಅರ್ಥವಾಗದ ಮಾತು ಮನಸ್ಸನ್ನು ವಾಲಿಸುವುದು ಕಷ್ಟವೆಂಬುದರಲ್ಲಿ ಚರ್ಚೆಯಿಲ್ಲ. ಪಾಲಿಯ ನಾದ ಇಷ್ಟವಾದವರು ಎರಡನ್ನೂ ಹೇಳಿಕೊಳ್ಳಬಹುದು. ನಿಮ್ಮ ಊರಿನ ಕನ್ನಡದಲ್ಲಿಯೇ ಹೇಳಿಕೊಂಡರೆ ಇನ್ನೂ ಒಳ್ಳೆಯದು. ಧಾರವಾಡದವರು 'ಆರಾಮ ಇರಲಿ' ಎಂದರೆ ಮೈತ್ರಿಗೆ ಏನೂ ಕೊರತೆಯಾಗುವುದಿಲ್ಲ.

ಬೈಲಕುಪ್ಪೆಯಲ್ಲಿ ಕೇಳುವ 'ಓಂ ಮಣಿ ಪದ್ಮೇ ಹೂಂ' ಕೂಡ ಇದೇ ಬಗೆಯದೇ?

ಅಲ್ಲ. ಅದು ಕರುಣೆಯ ಬೋಧಿಸತ್ತ್ವನಾದ ಅವಲೋಕಿತೇಶ್ವರನ ಮಂತ್ರ. ಬೈಲಕುಪ್ಪೆ, ಮುಂಡಗೋಡುಗಳ ಟಿಬೆಟನ್ನರು ಮಣಿಸರ ಎಣಿಸುತ್ತಾ, ಪ್ರಾರ್ಥನಾ ಚಕ್ರ ತಿರುಗಿಸುತ್ತಾ ಅದನ್ನು ಶ್ರದ್ಧೆಯಿಂದ ಜಪಿಸುತ್ತಾರೆ. ಸಂಕಲ್ಪವಾಕ್ಯ ಅರ್ಥದ ಮೂಲಕ ಕೆಲಸ ಮಾಡುತ್ತದೆ. ಮಂತ್ರಕ್ಕೆ ದೀಕ್ಷೆ, ದೇವತೆ, ನಾದಗಳ ಬೇರೆಯೇ ಹಿನ್ನೆಲೆಯಿದೆ. ಅದನ್ನು ಮೊಬೈಲಿನ ರಿಂಗ್‌ಟೋನ್ ಮಾಡಿಕೊಳ್ಳುವ ಮುನ್ನ ಆ ಹಿನ್ನೆಲೆಯನ್ನು ಅರಿತುಕೊಳ್ಳುವುದು ಸೌಜನ್ಯ.

ಹೇಳಿಕೊಳ್ಳುವಾಗ ಎಲ್ಲವೂ ನಾಟಕದಂತೆ ಅನಿಸುತ್ತದೆ. ಏನು ಮಾಡಲಿ?

ಈ ಅನಿಸಿಕೆಯನ್ನು ತಳ್ಳಿಹಾಕಬೇಡಿ. ಕೆನಡಾದ ಮನೋವಿಜ್ಞಾನಿ ಜೊಆನ್ ವುಡ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ತಮಗೇ ಗೌರವ ಕಡಿಮೆಯಿದ್ದವರು 'ನಾನು ಪ್ರೀತಿಗೆ ಅರ್ಹ' ಎಂಬರ್ಥದ ವಾಕ್ಯವನ್ನು ಪುನರಾವರ್ತಿಸಿದಾಗ, ಹೇಳಿಕೊಳ್ಳದೆ ಇದ್ದವರಿಗಿಂತ ಹೆಚ್ಚು ಕುಗ್ಗಿದ್ದು ಕಂಡುಬಂದಿತು. ಹೊಗಳಿಕೆಯ ವಾಕ್ಯ ಯಾರಿಗೆ ಹೆಚ್ಚು ಬೇಕಾಗಿತ್ತೋ ಅವರಿಗೇ ಅದು ಚುಚ್ಚಿತು. ನಿಮ್ಮ ವಾಕ್ಯ ನಾಟಕವೆನಿಸಿದರೆ ಅದು ಘೋಷಣೆಯ ರೂಪದಲ್ಲಿದೆಯೇ ಎಂದು ನೋಡಿ, ಹಾರೈಕೆಗೆ ಇಳಿಸಿ. ಹಾರೈಕೆಯೂ ಭಾರವಾದರೆ ಇನ್ನೊಂದು ಮೆಟ್ಟಿಲು ಇಳಿದು 'ಇದು ಈಗ ಇದೆ, ಇದು ನಾನಲ್ಲ' ಎಂದು ಮಾತ್ರ ಹೇಳಿಕೊಳ್ಳಿ. 'ನೇತಂ ಮಮ, ನೇಸೋಹಮಸ್ಮಿ, ನ ಮೇಸೋ ಅತ್ತಾ', ಇದು ನನ್ನದಲ್ಲ, ಇದು ನಾನಲ್ಲ, ಇದು ನನ್ನ ಆತ್ಮವಲ್ಲ ಎಂಬ ಮೂಲಮಾತಿನ ಬೆಳಕಿನಲ್ಲಿ ನೋಡಿದರೆ ನಾಟಕವೆನ್ನುವ ಆ ಅನಿಸಿಕೆಯೂ ಬಂದು ಹೋಗುವ ಒಂದು ಅನಿಸಿಕೆ ಮಾತ್ರ.

ಮುಪ್ಪು, ಸಾವನ್ನು ದಿನವೂ ನೆನೆಯುವುದು ಅಪಶಕುನವಲ್ಲವೇ?

ನಮ್ಮ ಮನೆಗಳಲ್ಲಿ ಯಾರಾದರೂ ಸಾವಿನ ಮಾತೆತ್ತಿದರೆ ತಕ್ಷಣ 'ಬಿಡ್ತು ಅನ್ನು' ಎಂದು ತಡೆಯುವುದು ವಾಡಿಕೆ. ಬುದ್ಧನಾದರೋ ಹೆಣ್ಣಾಗಲಿ ಗಂಡಾಗಲಿ, ಗೃಹಸ್ಥರಾಗಲಿ ಸಂನ್ಯಾಸಿಯಾಗಲಿ ಐದು ವಿಷಯಗಳನ್ನು ಪದೇ ಪದೇ ನೆನೆಯಬೇಕೆಂದ: ಮುಪ್ಪು ನನ್ನ ಸ್ವಭಾವ, ರೋಗ ನನ್ನ ಸ್ವಭಾವ, ಮರಣ ನನ್ನ ಸ್ವಭಾವ, ಪ್ರಿಯವಾದ ಎಲ್ಲವೂ ನನ್ನಿಂದ ಅಗಲುತ್ತದೆ, ನನ್ನ ಕರ್ಮಕ್ಕೆ ನಾನೇ ಒಡೆಯ. ಕಾರಣವನ್ನೂ ಅವನೇ ಹೇಳಿದ್ದಾನೆ. ಯೌವನ, ಆರೋಗ್ಯ, ಬದುಕು ಇವುಗಳಿಂದ ಒಂದೊಂದು ಬಗೆಯ ಮದ ಹುಟ್ಟುತ್ತದೆ, ಆ ಮದದಲ್ಲಿ ಜನ ತಪ್ಪು ಮಾಡುತ್ತಾರೆ, ನೆನಪು ಆ ಮದವನ್ನು ಇಳಿಸುತ್ತದೆ. ಮನೆಯಲ್ಲಿ ಹಿರಿಯರು ಗಂಭೀರವಾಗಿ ಹಾಸಿಗೆ ಹಿಡಿದಿರುವಾಗ ಇದನ್ನು ಅವರ ಎದುರು ಗಟ್ಟಿಯಾಗಿ ಹೇಳಬೇಕಾಗಿಲ್ಲ ಎಂಬ ವಿವೇಕ ಎಲ್ಲರಿಗೂ ಇರುತ್ತದೆಂದು ಭಾವಿಸುತ್ತೇನೆ.

ಕಾಯಿಲೆಯಲ್ಲಿ, ಖಿನ್ನತೆಯಲ್ಲಿ ಇವು ಔಷಧದ ಬದಲು ಆಗಬಲ್ಲವೇ?

ಆಗಲಾರವು. ನಕುಲಪಿತ ಎಂಬ ವೃದ್ಧ ಗೃಹಸ್ಥ ಮೈಯಲ್ಲಿ ಶಕ್ತಿಯಿಲ್ಲ, ಪದೇ ಪದೇ ಕಾಯಿಲೆ ಎಂದು ಬುದ್ಧನ ಬಳಿ ಹೇಳಿಕೊಂಡಾಗ, ಬುದ್ಧ ಕಾಯಿಲೆ ವಾಸಿಯಾಗುವುದೆಂಬ ಭರವಸೆ ಕೊಡಲಿಲ್ಲ. 'ಆತುರಕಾಯಸ್ಸ ಮೇ ಸತೋ ಚಿತ್ತಂ ಅನಾತುರಂ ಭವಿಸ್ಸತಿ', ನನ್ನ ದೇಹ ರೋಗಗ್ರಸ್ತವಾಗಿದ್ದರೂ ಮನಸ್ಸು ರೋಗಗ್ರಸ್ತವಾಗದು ಎಂದು ಅಭ್ಯಾಸ ಮಾಡಬೇಕೆಂದ. ದೀರ್ಘಕಾಲದ ನೋವಿರುವವರಿಗೆ ಇದಕ್ಕಿಂತ ಪ್ರಾಮಾಣಿಕವಾದ ವಾಕ್ಯ ಸಿಗುವುದು ಕಷ್ಟ, ಏಕೆಂದರೆ ಅದು ದೇಹದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಆದರೆ ಮನಸ್ಸೇ ಕಾಯಿಲೆ ಬಿದ್ದಿದ್ದರೆ, ನಿದ್ದೆ ಊಟಗಳು ಕೆಟ್ಟು ಬದುಕೇ ಬೇಡವೆನಿಸುತ್ತಿದ್ದರೆ, ಮೊದಲು ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕೆಲಸ, ಹಣ, ಮದುವೆ ಕೂಡಿಬರಲು ಯಾವ ವಾಕ್ಯ ಹೇಳಬೇಕು?

ಅಂಥ ವಾಕ್ಯವಿಲ್ಲ. ಆಯಸ್ಸು, ರೂಪ, ಸುಖ, ಕೀರ್ತಿ, ಸ್ವರ್ಗ ಇವು ಬೇಡಿಕೊಂಡದ್ದರಿಂದಲೇ ಸಿಗುವಂತಿದ್ದರೆ ಲೋಕದಲ್ಲಿ ಯಾರಿಗೆ ಏನು ಕಡಿಮೆಯಾಗುತ್ತಿತ್ತು ಎಂದು ಬುದ್ಧ ತನ್ನ ಗೃಹಸ್ಥ ಶಿಷ್ಯ ಅನಾಥಪಿಂಡಿಕನನ್ನು ಕೇಳಿದ. ಇನ್ನೊಂದೆಡೆ, ಆಳವಾದ ಮಡುವಿಗೆ ಬಂಡೆ ಎಸೆದು, ಜನರೆಲ್ಲ ಸುತ್ತ ನಿಂತು ಕೈಮುಗಿದು 'ಏಳು ಬಂಡೆಯೇ, ತೇಲು ಬಂಡೆಯೇ' ಎಂದರೆ ಅದು ಎದ್ದು ಬರುವುದೇ ಎಂದು ಕೇಳಿದ್ದಾನೆ. ಮತ್ತೊಂದು ಸುತ್ತದಲ್ಲಿ ಅವನು ಕೊಟ್ಟ ಹೋಲಿಕೆ ಹೀಗಿದೆ: ಕೋಳಿ ಮೊಟ್ಟೆಗಳ ಮೇಲೆ ಸರಿಯಾಗಿ ಕಾವು ಕೂರದೆ, ಮರಿಗಳು ಹೊರಬರಲಿ ಎಂದು ಎಷ್ಟೇ ಹಾರೈಸಿದರೂ ಬರುವುದಿಲ್ಲ. ಕಾವು ಕೂತರೆ ಹಾರೈಸದಿದ್ದರೂ ಬರುತ್ತವೆ. ಸಂದರ್ಶನಕ್ಕೆ ಹೋಗುವ ಬೆಳಿಗ್ಗೆ 'ಈ ಕೆಲಸ ನನ್ನದೇ' ಎನ್ನುವ ಬದಲು 'ತಿಳಿದದ್ದನ್ನು ಸ್ಪಷ್ಟವಾಗಿ ಹೇಳುತ್ತೇನೆ, ತಿಳಿಯದ್ದನ್ನು ತಿಳಿಯದೆಂದು ಹೇಳುತ್ತೇನೆ' ಎಂದುಕೊಂಡರೆ ಅದು ಕಾವು ಕೂರುವುದಕ್ಕೆ ಹತ್ತಿರ.

ಸಮಚಿತ್ತದ ಹೆಸರಿನಲ್ಲಿ ಅನ್ಯಾಯವನ್ನು ಸಹಿಸಿಕೊಳ್ಳುವಂತಾಗುವುದಿಲ್ಲವೇ?

ಉಪೇಕ್ಷೆ ಎಂಬ ಪದ ಕನ್ನಡದಲ್ಲಿ ಕಡೆಗಣಿಸುವುದು ಎಂಬ ಅರ್ಥಕ್ಕೆ ಜಾರಿರುವುದರಿಂದ ಈ ಗೊಂದಲ ಹುಟ್ಟುತ್ತದೆ. ಪಾಲಿಯ ಉಪೇಕ್ಖೆಯಲ್ಲಿರುವುದು ಪಕ್ಷಪಾತವಿಲ್ಲದೆ ನೋಡುವ ಸಮತೋಲ. ಅಜ್ಞಾನದಿಂದ ಹುಟ್ಟಿದ ಉದಾಸೀನವನ್ನು ಅದರ ಹತ್ತಿರದ ಶತ್ರು ಎನ್ನುತ್ತಾರೆ. ಇದಕ್ಕೆ ಬಲವಾದ ಉದಾಹರಣೆ ನಾಗಪುರದಲ್ಲಿದೆ. 1956ರ ಅಕ್ಟೋಬರ್ 14ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರು ಭಿಕ್ಷು ಚಂದ್ರಮಣಿಯವರಿಂದ ತ್ರಿಶರಣ (ಬುದ್ಧ, ಧಮ್ಮ, ಸಂಘಗಳಿಗೆ ಶರಣು), ಪಂಚಶೀಲಗಳನ್ನು ಸ್ವೀಕರಿಸಿ, ಬಳಿಕ ನೆರೆದಿದ್ದ ಲಕ್ಷಾಂತರ ಅನುಯಾಯಿಗಳಿಗೆ ತಾವೇ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಎಲ್ಲ ಮನುಷ್ಯರೂ ಸಮಾನರೆಂದು ನಂಬುತ್ತೇನೆ, ಸಮಾನತೆಯ ಸ್ಥಾಪನೆಗೆ ಪ್ರಯತ್ನಿಸುತ್ತೇನೆ, ಎಲ್ಲ ಜೀವಿಗಳಲ್ಲಿ ದಯೆ ತೋರುತ್ತೇನೆ ಎಂಬ ಮಾತುಗಳು ಅದರಲ್ಲಿವೆ. ಶತಮಾನಗಳಿಂದ ಅವಮಾನ ಉಂಡವರು ಒಟ್ಟಾಗಿ, ಗಟ್ಟಿಯಾಗಿ ಹೇಳಿದ ಆ ವಾಕ್ಯಗಳನ್ನು ಓದಿದ ಮೇಲೆ ಸಂಕಲ್ಪವಾಕ್ಯವೆಂದರೆ ಕನ್ನಡಿಯ ಮುಂದೆ ನಿಂತು ಪಿಸುಗುಟ್ಟುವುದಷ್ಟೇ ಎಂಬ ಕಲ್ಪನೆ ಉಳಿಯುವುದಿಲ್ಲ. ಕರ್ನಾಟಕದ ಅನೇಕ ಊರುಗಳಲ್ಲಿ ಇಂದಿಗೂ ಧಮ್ಮದೀಕ್ಷೆಯ ಸಂದರ್ಭದಲ್ಲಿ ಇವನ್ನು ಸಾಮೂಹಿಕವಾಗಿ ಹೇಳಲಾಗುತ್ತದೆ.

ಬೇರೆ ಧರ್ಮದವರು ಹೇಳಿಕೊಳ್ಳಬಹುದೇ?

ಹಾರೈಕೆಯ ಮತ್ತು ನೆನಪಿನ ವಾಕ್ಯಗಳನ್ನು ಯಾರು ಬೇಕಾದರೂ ಹೇಳಿಕೊಳ್ಳಬಹುದು. 'ಬುದ್ಧಂ ಸರಣಂ ಗಚ್ಛಾಮಿ' ಎಂಬ ತ್ರಿಶರಣ ಮತ್ತು ಮೇಲೆ ಹೇಳಿದ 22 ಪ್ರತಿಜ್ಞೆಗಳು ಧರ್ಮಸ್ವೀಕಾರದ ಮಾತುಗಳಾದ್ದರಿಂದ ಅವನ್ನು ಆ ಅರ್ಥದಲ್ಲಿಯೇ ಹೇಳಬೇಕು.

ಬದಲಾವಣೆ ಕಾಣಲು ಎಷ್ಟು ದಿನ ಬೇಕು?

ಇಪ್ಪತ್ತೊಂದು ದಿನ, ನಲವತ್ತೆಂಟು ದಿನ ಎಂಬ ಲೆಕ್ಕಗಳಿಗೆ ಈ ಪರಂಪರೆಯಲ್ಲಿ ಆಧಾರವಿಲ್ಲ. ಕೋಳಿಯ ಹೋಲಿಕೆ ಕೊಟ್ಟ ಅದೇ ಸುತ್ತದಲ್ಲಿ ಬಡಗಿಯ ಬಾಚಿಯ ಮಾತೂ ಇದೆ. ಬಾಚಿಯ ಹಿಡಿಯ ಮೇಲೆ ಬೆರಳುಗಳ ಗುರುತು ಬಿದ್ದಿರುವುದನ್ನು ಬಡಗಿ ನೋಡುತ್ತಾನೆ, ಆದರೆ ಇಂದು ಇಷ್ಟು ಸವೆಯಿತು, ನಿನ್ನೆ ಅಷ್ಟು ಸವೆಯಿತು ಎಂದು ಅವನಿಗೆ ತಿಳಿಯುವುದಿಲ್ಲ. ಸವೆದಾಗ ಸವೆದಿದೆ ಎಂದಷ್ಟೇ ತಿಳಿಯುತ್ತದೆ. ಆದ್ದರಿಂದ ಎಣಿಸುವ ಆ್ಯಪ್‌ಗಳು ಕಡ್ಡಾಯವಲ್ಲ. ಒಂದು ದಿನ ಮರೆತರೆ ಮೊದಲಿನಿಂದ ಲೆಕ್ಕ ಹಾಕಬೇಕೆಂಬ ನಿಯಮವೂ ಇಲ್ಲ.

ಮನೆಯವರು ನಗುತ್ತಾರೆ. ಹೇಗೆ ಮುಂದುವರಿಸಲಿ?

ತುಟಿ ಅಲುಗಿಸದೆ ಹೇಳಿಕೊಳ್ಳಿ. ನಕ್ಕವರ ಹೆಸರನ್ನು ಪ್ರಿಯರ ಸಾಲಿನಲ್ಲಿ ಸೇರಿಸಿಕೊಳ್ಳಿ.